ಆನ್‌ಲೈನ್ ಘಂಟಾಘೋಷ

ಗಂಟೆ ಪ್ರಯೋಗದ ಮೊದಲ ದಿನವೇ ನನಗೆ ಮಂಗಳಾರತಿ ಆಯಿತು. ಬೈಗುಳದ್ದಲ್ಲ, ಸಾಕ್ಷಾತ್ ಕರ್ಪೂರದ್ದು!

ಕೋಲಾರದ ನಮ್ಮ ಮನೆಯಿಂದ ಎಂಟನೇ ಕ್ಲಾಸಿನವರಿಗೆ ಆನ್‌ಲೈನಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಪ್ರಶ್ನೆ ಕೇಳಿದರೆ ಮಕ್ಕಳದು ಬೆಟ್ಟದಂಥ ಮೌನ. ಟ್ಯೂಷನ್ ಸೆಂಟರಿನ ಮಾಲೀಕ ಚಂದ್ರಮೋಹನ್ ಹೇಳಿಯೇಬಿಟ್ಟರು: "ಶುಕ್ರವಾರ ನಾನೇ ಕ್ಲಾಸಿಗೆ ಬರ್ತೀನಿ ಸಾರ್. ಹುಡುಗ್ರು ಬಾಯಿ ಬಿಡದಿದ್ರೆ ನಿಮ್ಮ ಬದಲು ರೆಕಾರ್ಡಿಂಗ್ ಹಾಕ್ಬಿಡ್ತೀನಿ."

ನನ್ನ ಬದಲು ರೆಕಾರ್ಡಿಂಗಾ? ಬಿಟ್ಟೇನೆಯೇ! ರಷ್ಯಾದ ವಿಜ್ಞಾನಿ ಪಾವ್ಲೋವ್ ಗಂಟೆ ಬಾರಿಸಿ ನಾಯಿಯಿಂದ ಜೊಲ್ಲು ಸುರಿಸಿದ. ನಾನು ಮಕ್ಕಳಿಂದ ಉತ್ತರ ಸುರಿಸುತ್ತೇನೆ! ಕಾನ್ವೆಂಟಿನ ಗಂಟೆಗೆ ಎದ್ದುನಿಂತು ಬೆಳೆದವನು ನಾನು. ದೇವರಮನೆಯ ಗಂಟೆ ತಂದು ಕ್ಲಾಸಿನ ನಡುವೆ ಢಣ್ ಎನಿಸಿದೆ. ಅಷ್ಟೇ, ಅಮ್ಮ ಕರ್ಪೂರದ ತಟ್ಟೆ ಹಿಡಿದು ಓಡಿಬಂದರು.

"ಏಮ್ರಾ, ನಾನ್ ಬರೋದ್ರೊಳ್ಗೆ ಪೂಜೆ ಮುಗಿಸ್ಬಿಟ್ಯಾ?" ಎನ್ನುತ್ತ ಲ್ಯಾಪ್‌ಟಾಪಿಗೇ ಬೆಳಗಿದರು. ಪರದೆ ತುಂಬ ಮಕ್ಕಳು ಕಣ್ಣಿಗೊತ್ತಿಕೊಂಡರು!

"ಮರ್ಯಾದೆ ಹೋಯ್ತಲ್ರೀ!" ಎಂದಳು ಹೆಂಡತಿ ಶ್ಯಾಮಲಾ.

"ಹೋಗ್ಲಿ ಬಿಡೇ! ಸಿದ್ಧಾಂತ ಗೆಲ್ತಲ್ಲ! ಗಂಟೆ ಬಾರಿಸ್ದೆ, ಅಮ್ಮ ಬಂದ್ರು."

"ಅತ್ತೇ, ಕೇಳಿಸ್ಕೊಂಡ್ರಾ? ನಿಮ್ಮನ್ನ ನಾಯಿ ಪಕ್ಕ ಕೂರಿಸ್ತಿದಾರೆ! ರೀ, ಪಾವ್ಲೋವ್ ಆಮೇಲೆ, ಮೊದ್ಲು ಪಾವು ಅಕ್ಕಿ ತೊಳೆದಿಡಿ."

ತೊಳೆದಿಟ್ಟೆ. ಆದರೆ ಬಗ್ಗಲಿಲ್ಲ! ನಾಯಿಗೆ ಗಂಟೆಯ ಜೊತೆ ತಿಂಡಿಯೂ ಇತ್ತು. ಮಾಲೂರಿನ ಮಗುವಿಗೆ ಇಲ್ಲಿಂದ ಬಿಸ್ಕತ್ತು ಎಸೆಯುವುದೆಂತು? ಹೊಳೆಯಿತು! ಸರಿ ಉತ್ತರಕ್ಕೆ ಢಣ್, ಕೂಡಲೇ ಕ್ಲಾಸಿನಿಂದ ಬಿಡುಗಡೆ. ತಪ್ಪು ಹೇಳಿದವರು ಕೂತಿರಬೇಕು.

ಶುಕ್ರವಾರ ಚಂದ್ರಮೋಹನ್ ಮನೆಗೇ ಬಂದು ನನ್ನ ಪಕ್ಕ ಕೂತರು. ಉತ್ತರಗಳ ಜಡಿಮಳೆ! "ಪತ್ರಹರಿತ್ತು ಸಾರ್!" ಢಣ್. "ಆಮ್ಲಜನಕ ಸಾರ್!" ಢಣ್. ಮಕ್ಕಳು ಒಬ್ಬೊಬ್ಬರಾಗಿ ಮಾಯವಾದರು. ಚಂದ್ರಮೋಹನ್ ಮುಖ ಅರಳಿತು. "ರೆಕಾರ್ಡಿಂಗ್ ಯಾಕೆ ಸಾರ್, ನೀವಿರೋವಾಗ!"

ಪರದೆಯಲ್ಲಿ ಉಳಿದವಳು ಮಾಸ್ತಿಯ ಅರ್ಪಿತ ಒಬ್ಬಳೇ. ಕೇಳಿದ್ದಕ್ಕೆಲ್ಲ ತಪ್ಪು ಉತ್ತರ, ಆದರೂ ಮುಖದಲ್ಲಿ ಬೇಸರವಿಲ್ಲ, ಕದಲುವುದೂ ಇಲ್ಲ. ಚಂದ್ರಮೋಹನ್ ಕರಗಿಹೋದರು.

"ಎಲ್ಲಾರೂ ಹೋದ್ರೂ ಖುಷಿಯಾಗಿ ಕೂತಿದೀಯಲ್ಲಮ್ಮ, ಮೇಷ್ಟ್ರ ಪಾಠ ಅಂದ್ರೆ ಅಷ್ಟು ಇಷ್ಟಾನಾ?"

ನಾನು ಕಾಲರ್ ಸರಿಮಾಡಿಕೊಂಡೆ.

ಅರ್ಪಿತ ಹಿಂದೆ ತಿರುಗಿ ನೋಡಿ ಪಿಸುಗುಟ್ಟಿದಳು: "ಉತ್ತರ ಎಲ್ಲಾ ಗೊತ್ತು ಸಾರ್. ಕ್ಲಾಸ್ ಮುಗೀತು ಅಂದ್ರೆ ನಮ್ಮಮ್ಮ ಕೊಟ್ಟಿಗೆ ಸಗಣಿ ಬಾಚೋಕೆ ಕಳಿಸ್ತಾಳೆ. ಇನ್ನೊಂದ್ ಪ್ರಶ್ನೆ ಕೇಳಿ ಸಾರ್, ಅದನ್ನೂ ತಪ್ಪು ಹೇಳ್ತೀನಿ!"