ತಂತಿಯ ಕೆಳಗೆ ಸೀರೆ ಒಣಹಾಕಬಾರದು

ಪರೀಕ್ಷೆ ಬರೆದು, ಪಾಸಾಗಿ, ಸರಕಾರದ ಲೈಸೆನ್ಸ್ ಪಡೆದು ಹುಚ್ಚರಾದವರನ್ನು ನೀವು ನೋಡಿದ್ದೀರಾ? ದಾಂಡೇಲಿಗೆ ಬನ್ನಿ, ನಮ್ಮ ಮನೆಯವರನ್ನು ತೋರಿಸುತ್ತೇನೆ.

ಅವರದು ಹ್ಯಾಮ್ ರೇಡಿಯೊ, ಮನೆಯಲ್ಲೇ ಕೂತು ದೂರದವರಿಗೆ ಸಂದೇಶ ಕಳಿಸುವ ಹವ್ಯಾಸ. ದಿನಾ ಸಂಜೆ ಐದಕ್ಕೆ ಮುಂಡಗೋಡದ ಗೆಳೆಯನೊಬ್ಬನ ಜೊತೆ ಮಾತು. ಮಾತು ಎನ್ನುವುದು ನನ್ನ ಔದಾರ್ಯ. ಇವರು ಇಲ್ಲಿಂದ ಹಳೆ ಟೆಲಿಗ್ರಾಂನಂತೆ ಟಿಕ್ ಟಿಕ್ ಕುಟ್ಟುತ್ತಾರೆ, ಅಲ್ಲಿಂದ ಅವರು ಟಿಕ್ ಟಿಕ್ ಕುಟ್ಟುತ್ತಾರೆ. ಜೇಬಿನಲ್ಲಿ ಮೊಬೈಲ್ ಇರುತ್ತದೆ, ಅದನ್ನು ಮುಟ್ಟುವುದಿಲ್ಲ!

ಕುಟ್ಟುವ ಮೊದಲು ಮೀಟರಿನ ಪೂಜೆ. ಟಿಫಿನ್ ಡಬ್ಬಿಯಷ್ಟು ದೊಡ್ಡದು, ಎರಡು ಮುಳ್ಳು. ಏರಿಯಲ್ ತಂತಿಗೆ ಕಳಿಸಿದ ಪವರ್ ಎಷ್ಟು ಎಂದು ಒಂದು ಹೇಳುತ್ತದೆ, ಹೊರಗೆ ಹೋಗದೆ ಎಷ್ಟು ವಾಪಸ್ ಬಂತು ಎಂದು ಇನ್ನೊಂದು. ವಾಪಸ್ ಬಂದರೆ ಇವರಿಗೆ ಚಹಾ ಇಳಿಯುವುದಿಲ್ಲ. ಆ ತಂತಿ ಇರುವುದಾದರೂ ಎಲ್ಲಿ? ನುಗ್ಗೆ ಮರದಿಂದ ನೀರಿನ ಟಾಕಿಯವರೆಗೆ, ನನ್ನ ಬಟ್ಟೆ ಹಗ್ಗದ ನೆತ್ತಿಯ ಮೇಲೆ.

"ಹಸಿ ಸೀರಿ ತಗೀ. ವಾಪಸ್ ಬರೂ ಮುಳ್ಳು ಏರಾಕತ್ತೈತಿ."

"ಮಳಿ ಬಿಟ್ಟಿದ್ದ ಈಗ ರೀ. ಸೀರಿ ಎಲ್ಲಿ ಒಣಗಸ್ಲಿ, ನಿಮ್ಮ ತಲಿ ಮ್ಯಾಲ?"

"ಅರ್ಧಾ ತಾಸು ಅಷ್ಟ."

ಮಳೆಗಾಲದ ದಾಂಡೇಲಿಯಲ್ಲಿ ಅರ್ಧ ತಾಸಿನ ಬಿಸಿಲೆಂದರೆ ಏನೆಂದು ಇವರಿಗೇನು ಗೊತ್ತು? ಮೂರು ದಿನದ ಮುಗ್ಗಲು ವಾಸನೆ ಉಡುವವಳು ನಾನು.

ಹಳಿಯಾಳದಲ್ಲಿ ನಮ್ಮಕ್ಕನ ಹೊಸ ಮನೆಯ ವಾಸ್ತುಶಾಂತಿ. ಅಲ್ಲಿಗೂ ಮೀಟರು ಬಂತು. ಮಾಳಿಗೆಯಿಂದ ಮಾವಿನ ಮರಕ್ಕೆ ತಂತಿ ಬಿಗಿದರು. ಅಳಿಯಂದಿರು ಅಲಂಕಾರ ಮಾಡುತ್ತಿದ್ದಾರೆಂದು ನಮ್ಮವ್ವ ಹಿಗ್ಗಿ, ಅದರ ತುಂಬ ಚೆಂಡು ಹೂವಿನ ಮಾಲೆ ಇಳಿಬಿಡಿಸಿದಳು. ಐದು ಗಂಟೆಗೆ ಇವರು ಬೀಗರ ಎದುರಿಗೇ ಏಣಿ ಹತ್ತಿ, ಒಂದೊಂದೇ ಮಾಲೆ ಬಿಚ್ಚಿ ಕೆಳಗೆ ಹಾಕತೊಡಗಿದರು. ಶುಭಕಾರ್ಯದ ಮನೆಯಲ್ಲಿ! ಅಕ್ಕನ ಮುಖ ನೋಡಲಾಗಲಿಲ್ಲ.

ನನ್ನ ಪಿತ್ತ ನೆತ್ತಿಗೇರಿತು. ನನ್ನ ಮಾನ ಕಳೆಯುವಷ್ಟು ದೊಡ್ಡ ಮನುಷ್ಯನಾದ ಆ ಮುಂಡಗೋಡದ ಗೆಳೆಯನನ್ನು ಒಮ್ಮೆ ಕಂಡು, ನಾಲ್ಕು ಮಾತು ಕೇಳಿಯೇ ಬರುತ್ತೇನೆಂದು ಮುಂದಿನ ರವಿವಾರ ಇವರ ಬೈಕ್ ಹತ್ತಿದೆ.

ಮುಂಡಗೋಡದ ಆ ಮನೆಯಲ್ಲಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಒಬ್ಬರು ಕೂತಿದ್ದರು. ಲಕ್ವಾ ಹೊಡೆದು ಮಾತು ಹೋಗಿತ್ತು. ಬಲಗೈಯ ಒಂದು ಬೆರಳಷ್ಟೇ ಆಡುತ್ತಿತ್ತು. ಇವರನ್ನು ಕಂಡದ್ದೇ ಆ ಬೆರಳು ಕುರ್ಚಿಯ ಕೈ ಮೇಲೆ ಟಿಕ್ ಟಿಕ್ ಎಂದಿತು. ಇವರು ನಕ್ಕು ಮೇಜು ಕುಟ್ಟಿ ಉತ್ತರ ಕೊಟ್ಟರು.

ಅವರ ಹೆಂಡತಿ ನನಗೆ ಚಹಾ ಕೊಡುತ್ತ ಹೇಳಿದರು: "ನಿಮ್ಮವರ ಜೋಡಿ ಮಾತಾಡಿದ ಮ್ಯಾಲನ ತುತ್ತು ತಗೋತಾರ್ರಿ ಅಕ್ಕಾರ. ಮೊನ್ನೆ ನೀವು ಹಳಿಯಾಳಕ್ಕ ಹೋದಾಗ ತಡಾ ಆತಲ್ರಿ, ಬಾಯಿ ತಗೀಲೇ ಇಲ್ಲ. ಕಿಟಕಿ ನೋಡ್ಕೋತ ಕುಂತಿದ್ರು."

ಚಹಾದ ಕಪ್ಪು ಕೆಳಗಿಟ್ಟೆ. ಹೊರಗೆ ಬಂದು ಇವರನ್ನೇ ಕೇಳಿದೆ, "ಯಾಕ ಹೇಳಲಿಲ್ಲ?"

"ನೀ ಸೀರಿ ಸುದ್ದಿ ಬಿಟ್ಟು ಬ್ಯಾರೆ ಏನರ ಕೇಳೀಯೇನು?"

ಈ ಮಾತಿಗೆ ಇನ್ನೂ ಸಿಟ್ಟಿದೆ ನನಗೆ. ಆದರೂ ಮರುದಿನ ಐದಕ್ಕೆ ಮುಂಚೆಯೇ, ನೀರಿಳಿಯುವ ಸೀರೆಗಳನ್ನೆಲ್ಲ ನಾನೇ ಬಾಚಿ ಒಳಗೆ ತಂದೆ.

"ಎಷ್ಟು ವಾಪಸ್ ಬಂತ್ರಿ?"

"ಏನೂ ಇಲ್ಲ. ಎಲ್ಲಾ ಹೋತು."

ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಟಿಕ್ ಟಿಕ್ ಕೇಳಿಸಿತು, ನಿಧಾನವಾಗಿ. ತೊಯ್ದ ಸೆರಗಲ್ಲಿ ಕೈ ಒರೆಸಿಕೊಂಡು ಕೇಳಿದೆ, "ಏನಂತಾರ?"

"ಊಟಕ್ಕ ಕುಂತಾನಂತ."