ಒಬ್ಬರಿಗೆ ಪಿಚ್ಚರ್ ಕೊಡುವುದಿಲ್ಲ

ನಾನು ಬೆಂಗಳೂರಿನ ಪಬ್ಬಿನಲ್ಲಿ ದಿನಾ ಸಂಜೆ ಕೂತಿರುತ್ತಿದ್ದೆ ಎಂದರೆ ನಮ್ಮ ಅಂಕಲಿಯಲ್ಲಿ ಯಾರೂ ನಂಬುವುದಿಲ್ಲ. ಕುಡಿಯದೆ ಕೂತಿರುತ್ತಿದ್ದೆ ಎಂದರೆ ಬೆಂಗಳೂರಿನಲ್ಲಿ ಯಾರೂ ನಂಬುವುದಿಲ್ಲ. ಹೀಗೆ ಎರಡೂ ಊರಿನವರ ಅಪನಂಬಿಕೆಯ ನಡುವೆ ಸಿಕ್ಕವನನ್ನು ಇಂಥ ಪ್ರಸಂಗಗಳು ಹುಡುಕಿಕೊಂಡು ಬರುತ್ತವೆ. ನನ್ನ ಲಾಡ್ಜಿನ ವಿಳಾಸ ಊರಿನ ನೆಂಟರಿಗೆ ಸಿಗದಿದ್ದರೂ ಅವಕ್ಕೆ ಮಾತ್ರ ಸರಿಯಾಗಿ ಸಿಕ್ಕಿತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಮ್ಮ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಾನು ಗುಮಾಸ್ತ. ಬೆಂಗಳೂರಿನ ಸರಕಾರಿ ಕಚೇರಿಗಳಲ್ಲಿ ಕಾರ್ಖಾನೆಯ ಕಡತಗಳ ಹಿಂದೆ ಓಡಾಡಲು ಒಬ್ಬ ಮನುಷ್ಯ ಬೇಕಿತ್ತು. "ಆರ ತಿಂಗಳ ಇದ್ದ ಬಾ" ಎಂದು ಚೇರ್ಮನ್ನರು ಕಳಿಸಿದರು, ಆಮೇಲೆ ಕಳಿಸಿದ್ದನ್ನೇ ಮರೆತರು. ಹೆಂಡತಿ ಮತ್ತು ಅಪ್ಪ ಅಂಕಲಿಯಲ್ಲಿ, ಹೊಲಮನೆ ನೋಡಿಕೊಂಡು. ನಾನು ಮೆಜೆಸ್ಟಿಕ್ಕಿನ ಹತ್ತಿರದ ಲಾಡ್ಜಿನಲ್ಲಿ, ಕಿಟಕಿ ತೆಗೆದರೆ ಪಕ್ಕದ ಲಾಡ್ಜಿನ ಗೋಡೆ ಕಾಣುವ ಕೋಣೆಯಲ್ಲಿ. ಕಚೇರಿ ಮುಚ್ಚಿದ ಮೇಲೆ ಮರುದಿನ ಅದು ತೆರೆಯುವವರೆಗೆ ನನ್ನ ಜೊತೆ ಮಾತಾಡುವ ಒಂದು ನರಪಿಳ್ಳೆಯೂ ಇರಲಿಲ್ಲ. ಹೋಟೆಲಿನಲ್ಲಿ ಚಹಾ ಕುಡಿದು ಸ್ವಲ್ಪ ಹೊತ್ತು ಕೂತರೆ ಮಾಣಿ ಒದ್ದೆ ಬಟ್ಟೆ ತಂದು ಮೇಜು ಒರೆಸುತ್ತಿದ್ದ. ಇನ್ನೂ ಕೂತಿದ್ದರೆ ನನ್ನನ್ನೂ ಒರೆಸಿಬಿಡುತ್ತಿದ್ದನೇನೋ.

೧. ಡ್ರಾಫ್ಟ್

ಒಂದು ಸಂಜೆ ಕಾರ್ಖಾನೆಯ ಕೆಲಸಕ್ಕೆ ಅರ್ಜೆಂಟಾಗಿ ಬ್ಯಾಂಕ್ ಡ್ರಾಫ್ಟ್ ಬೇಕಾಯಿತು. ಬ್ಯಾಂಕು ಮುಚ್ಚಿತ್ತು. ಬೆಂಗಳೂರಿನಲ್ಲಿ ಸಂಜೆಯೂ ತೆರೆದಿರುವ ಶಾಖೆಗಳಿರುತ್ತವೆ ಎಂದು ಯಾರೋ ಹೇಳಿದ್ದರು. ಬ್ರಿಗೇಡ್ ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬ ತರುಣನನ್ನು ನಿಲ್ಲಿಸಿ, "ಇಲ್ಲೆ ಡ್ರಾಫ್ಟ್ ಎಲ್ಲಿ ಸಿಗತೈತ್ರಿ?" ಎಂದು ಕೇಳಿದೆ.

ಅವನು ನನ್ನ ಧೋತರ, ಟೋಪಿ, ಕೈಚೀಲ ಎಲ್ಲವನ್ನೂ ಒಮ್ಮೆ ನೋಡಿ, ಬಹಳ ಗೌರವದಿಂದ, "ಆ ಮೆಟ್ಟಿಲು ಇಳೀರಿ ಯಜಮಾನ್ರೇ, ಫಸ್ಟ್ ಕ್ಲಾಸ್ ಡ್ರಾಫ್ಟ್" ಎಂದ.

ಇಳಿದೆ. ಒಳಗೆ ತಂಪು, ಮಬ್ಬು ಬೆಳಕು, ಉದ್ದನೆಯ ಮರದ ಕೌಂಟರು, ಅದರ ಮೇಲೆ ಹಿತ್ತಾಳೆಯ ನಲ್ಲಿಗಳು. ಬೆಂಗಳೂರಿನ ಬ್ಯಾಂಕೇ ಬೇರೆ, ಗಿರಾಕಿಗಳಿಗೆ ಕುಡಿಯುವ ನೀರಿಗೂ ಎಂಥ ವ್ಯವಸ್ಥೆ ಎಂದು ಖುಷಿಪಟ್ಟೆ. ದಪ್ಪ ಮೀಸೆಯ ವೇಟರ್ ಒಬ್ಬ ಬಂದ. ಇವನು ಜವಾನ ಇರಬೇಕು ಎಂದುಕೊಂಡೆ.

"ಡ್ರಾಫ್ಟ್ ಬೇಕಿತ್ರಿ."

"ಕೂತ್ಕೊಳಿ ಸಾರ್. ಚಿಕ್ಕದಾ, ದೊಡ್ಡದಾ?"

"ದೊಡ್ಡದ. ಕಾರ್ಖಾನಿದು."

"ಕಾರ್ಖಾನೆಯಿಂದಾನೇ ಬರೋದು ಸಾರ್. ಬೆಳಿಗ್ಗೆ ಬಂದಿದೆ, ಫ್ರೆಶ್ಶು."

"ನಮ್ಮ ಚೇರ್ಮನ್ನರ ಹೆಸರಿಲೆ ತಗೀಬೇಕ್ರಿ."

ಅವನು ಸ್ವಲ್ಪ ಯೋಚಿಸಿದ. "ಯಾರ ಹೆಸರಲ್ಲಿ ತಗೊಂಡ್ರೂ ಅಷ್ಟೇ ಸಾರ್, ಏರೋದು ಕುಡಿದೋರಿಗೇ."

೨. ಸಾಹೇಬರು

ಇಲ್ಲಿ ಡ್ರಾಫ್ಟ್ ಎಂದರೆ ನಲ್ಲಿಯಿಂದ ಬಗ್ಗಿಸುವ ಬಿಯರ್ ಎಂದು ತಿಳಿದು, ಅಂದು ನಾಚಿಕೆಯಿಂದ ಲಿಂಬು ಸೋಡಾ ಕುಡಿದು ಎದ್ದೆ. ಆದರೆ ಮರುದಿನ ಕಾಲು ಮತ್ತೆ ಆ ಮೆಟ್ಟಿಲಿನ ಕಡೆಗೇ ಹೋಯಿತು. ಒಂದು ಸೋಡಾ ಹೇಳಿದರೆ ಎಷ್ಟು ಹೊತ್ತು ಕೂತರೂ ಅಲ್ಲಿ ಯಾರೂ ಮೇಜು ಒರೆಸುತ್ತಿರಲಿಲ್ಲ. ಸುತ್ತ ನಾಲ್ಕು ಜನರ ಮಾತು, ನಗು. ನನ್ನ ಜೊತೆ ಆಡಿದ ಮಾತಲ್ಲದಿದ್ದರೂ ಕಿವಿಗೆ ಬೀಳುತ್ತಿತ್ತಲ್ಲ, ಅದೇ ಸಾಕಿತ್ತು. ನಮ್ಮದು ಜೈನರ ಮನೆ. ಬಿಯರ್ ಮುಟ್ಟುವಂತಿಲ್ಲ, ಹೊತ್ತು ಮುಳುಗಿದ ಮೇಲೆ ಶೇಂಗಾ ಕೂಡ ಬಾಯಿಗೆ ಹಾಕುವಂತಿಲ್ಲ. ಹಾಗಾಗಿ ಐದಕ್ಕೇ ಹೋಗಿ, ಶೇಂಗಾ ತಿಂದು ಮುಗಿಸಿ, ನಲ್ಲಿಯಿಂದ ಮಗ್ ತುಂಬುವುದನ್ನು ನೋಡುತ್ತ ಕೂರುತ್ತಿದ್ದೆ. ನೋಡಲು ಬೇರೆ ಏನಿತ್ತು?

ಕೆಲವೇ ದಿನಗಳಲ್ಲಿ ನನ್ನ ಮರ್ಯಾದೆ ಏರತೊಡಗಿತು. ಫ್ಯಾನಿನ ಕೆಳಗೆ ನನ್ನ ಮೇಜು. ಮ್ಯಾನೇಜರ್ ತಾನೇ ಬಂದು "ಸಾಹೇಬ್ರೇ" ಎಂದು ನಮಸ್ಕಾರ ಮಾಡುತ್ತಿದ್ದ. ಶೇಂಗಾ ಜೊತೆ ಗೋಡಂಬಿ ಬಂತು, ಸೋಡಾಕ್ಕೆ ಬಿಲ್ಲು ಬರುವುದು ನಿಂತಿತು. ಬೆಂಗಳೂರಿನವರಿಗೆ ಕೊನೆಗೂ ನನ್ನ ಮೇಲೆ ಅಕ್ಕರೆ ಹುಟ್ಟಿತು ಎಂದು ನಾನು ಕರಗಿಹೋದೆ. ಲಾಡ್ಜಿನಲ್ಲಿ ಮಲಗಿ ಆ ನಮಸ್ಕಾರವನ್ನು ಮತ್ತೆ ಮತ್ತೆ ನೆನೆಸಿಕೊಳ್ಳುತ್ತಿದ್ದೆ.

ಒಂದು ದಿನ ಮ್ಯಾನೇಜರ್ ಹತ್ತಿರ ಕೂತು ದನಿ ತಗ್ಗಿಸಿ, "ಸಾಹೇಬ್ರೇ, ಇನ್ನೂ ಎಷ್ಟು ದಿನ ನಮ್ಮನ್ನ ಚೆಕ್ ಮಾಡ್ತೀರಿ?" ಎಂದ.

"ನಾ ಯಾಕ ಚೆಕ್ ಮಾಡ್ಲ್ರಿ? ನಾ ಸಕ್ಕರಿ ಕಾರ್ಖಾನಿ ಗುಮಾಸ್ತ."

"ಎಕ್ಸೈಜ್ ಡಿಪಾರ್ಟ್‌ಮೆಂಟ್ ಅಲ್ವಾ?"

"ಏ, ಎಕ್ಸೈಜಿನವರು ಬಂದ್ರ ನಮಗೂ ಕೈಕಾಲ ನಡಗತಾವ್ರಿ!"

ಅವನು ಎದ್ದು ಹೋದವನು ಆಮೇಲೆ ನಮಸ್ಕಾರ ಮಾಡಲಿಲ್ಲ. ಗೋಡಂಬಿ ಮಾಯವಾಯಿತು, ಫ್ಯಾನಿನ ಕೆಳಗಿನ ಮೇಜು ಹೋಗಿ ಮೋರಿ ಪಕ್ಕದ ಮೂಲೆ ಬಂತು. ಮೀಸೆಯ ವೇಟರ್ ಮಾತ್ರ ಯಾರಿಗೂ ಕಾಣದ ಹಾಗೆ ಒಂದು ಹಿಡಿ ಶೇಂಗಾ ಇಟ್ಟು ಹೋಗುತ್ತಿದ್ದ. ಅದೇ ವಾರ ದಿನಾ ಬರುವ ಗಿರಾಕಿಯೊಬ್ಬರು ಮಗ್ ಎತ್ತಿ ಹಿಡಿದು, "ಏನಯ್ಯಾ ಇದು, ಎರಡು ದಿನದಿಂದ ಬಿಯರ್ ಕಡಿಮೆ, ನೊರೆ ಜಾಸ್ತಿ?" ಎಂದು ಕೂಗಾಡಿದರು. ಅದಕ್ಕೆ ಕಾರಣ ನಾನೆಂದು ಅವರಿಗೆ ಕೊನೆಗೂ ಗೊತ್ತಾಗಲಿಲ್ಲ.

೩. ಪಿಚ್ಚರ್

ಮೂಲೆಯ ಮೇಜಿಗೆ ನಾಲ್ಕು ಕುರ್ಚಿ. ನಾನು ಒಂದರಲ್ಲಿ. ಉಳಿದ ಮೂರರಲ್ಲಿ ಯಾರಾದರೂ ಬಂದು ಕೂರಲಿ ಎಂದು ಬಾಗಿಲ ಕಡೆ ನೋಡುತ್ತಿದ್ದೆ. ಜನ ನಗುತ್ತ ನನ್ನ ಕಡೆಗೇ ಬರುತ್ತಿದ್ದರು. "ಇಲ್ಲಿ ಯಾರಾದ್ರೂ ಬರ್ತಾರಾ?" ಎಂದು ಕೇಳುತ್ತಿದ್ದರು. "ಇಲ್ರಿ, ಕೂಡ್ರಿ ಕೂಡ್ರಿ" ಎನ್ನುವಷ್ಟರಲ್ಲಿ ಕುರ್ಚಿ ಎತ್ತಿಕೊಂಡು ತಮ್ಮ ಗುಂಪಿಗೆ ಹೋಗುತ್ತಿದ್ದರು. ಏಳು ಗಂಟೆಯ ಹೊತ್ತಿಗೆ ಮೇಜು ಒಂದು, ಕುರ್ಚಿ ಒಂದು, ನಾನೊಬ್ಬ.

ಅಂಥದ್ದೊಂದು ದಿನ ಮೀಸೆಯ ವೇಟರ್ ಬಂದು, "ಪಿಚರ್ ಶುರು ಮಾಡಿದೀವಿ ಸಾರ್" ಎಂದ.

ನಮ್ಮ ಕಡೆ ಪಿಚ್ಚರ್ ಎಂದರೆ ಸಿನೆಮಾ. ಪಬ್ಬಿನಲ್ಲಿ ಸಿನೆಮಾ ತೋರಿಸುತ್ತಾರೆ ಎಂದರೆ ನಾನು ಸುಮ್ಮನಿರುತ್ತೇನೆಯೇ?

"ಹೊಸಾದೇನ್ರಿ?"

"ಇವತ್ತೇ ಹೊಸದು ಸಾರ್."

"ಅದರಾಗ ಯಾರ್ಯಾರ ಅದಾರ್ರಿ?"

"ಯಾರೂ ಇಲ್ಲ ಸಾರ್, ಬರೀ ಬಿಯರ್ರು."

"ಫೈಟಿಂಗ್ ಐತೇನು?"

"ಎರಡನೇದು ಶುರುವಾದ್ರೆ ಅದೂ ಆಗುತ್ತೆ ಸಾರ್."

"ಹಂಗಾರ ನನಗೂ ಒಂದ ಇರಲಿ."

ಅವನು ಮೀಸೆಯಡಿ ನಕ್ಕ. ಪಕ್ಕದ ಮೇಜಿನ ಮೇಲಿದ್ದ ದೊಡ್ಡ ಗಾಜಿನ ಹೂಜಿ ತೋರಿಸಿದ. ಅದರ ಹೆಸರೇ ಪಿಚರ್ ಅಂತೆ. ನಾಲ್ಕು ಹುಡುಗರು ಅದರಿಂದ ಒಬ್ಬರಿಗೊಬ್ಬರು ಬಗ್ಗಿಸಿಕೊಡುತ್ತಿದ್ದರು. "ಒಬ್ಬರಿಗೆ ಪಿಚರ್ ಕೊಡಲ್ಲ ಸಾರ್. ನಾಲ್ಕು ಜನ ಇರಬೇಕು."

ಅಲ್ಲಿ ನಾನೂ ನಕ್ಕೆ. ಕೋಣೆಗೆ ಬಂದು ಮಲಗಿದ ಮೇಲೆ ಆ ಮಾತು ಚುಚ್ಚತೊಡಗಿತು. ಆ ಊರಿನಲ್ಲಿ ನನಗೆ ನಾಲ್ಕು ಜನ ಎಲ್ಲಿಂದ ಬರಬೇಕು?

೪. ಫೋನು

ಪ್ರತಿ ಐತವಾರ ಮನೆಗೆ ಫೋನು. ಅಂಕಲಿಯಲ್ಲಿ ನಮ್ಮ ಮನೆಯ ಎದುರಿನ ಕಾಳಿನ ಅಂಗಡಿಗೆ ಮಾತ್ರ ಫೋನಿತ್ತು. ಹೆಂಡತಿ ಅಲ್ಲಿ ಬಂದು ನಿಲ್ಲುವಳು. ಅಂಗಡಿಗೆ ಬಂದವರೆಲ್ಲ ಕೊಂಡ ಕಾಳು ಕೈಯಲ್ಲಿ ಹಿಡಿದು ನಮ್ಮ ಸಂಸಾರ ಕೇಳುವರು.

"ಸಂಜೀಕ ಹೊತ್ತ ಹೆಂಗ ಹೋಗತೈತ್ರಿ?" ಎಂದಳು.

ಅವಳನ್ನು ನಗಿಸೋಣವೆಂದು, "ಏನ ಹೇಳಲಿ, ಇಲ್ಲೆ ಒಬ್ಬರಿಗೆ ಪಿಚ್ಚರ್ ಕೊಡೂದಿಲ್ಲಂತ! ನಾಕ ಮಂದಿ ಬೇಕಂತ!" ಎಂದು ಕೂಗಿದೆ. ಲೈನಿನಲ್ಲಿ ಗರಗರ ಸದ್ದು. ಹೂಜಿಯ ವಿಷಯ ಹೇಳುವುದು ಇನ್ನೂ ಬಾಕಿ ಇತ್ತು. ನಾನೊಬ್ಬನೇ ನಕ್ಕೆ, ಆ ಕಡೆ ಯಾರೂ ನಗಲಿಲ್ಲ.

"ಕೇಳಸ್ತೇನ?"

"ಕೇಳಸ್ತ್ರಿ" ಎಂದಳು. ದನಿ ಸಣ್ಣದಾಗಿತ್ತು. ಅಷ್ಟರಲ್ಲಿ ಲೈನು ಕಟ್ಟಾಯಿತು.

ಕಾಳು ಹಿಡಿದು ನಿಂತವರು ಸುದ್ದಿಯನ್ನು ಕಾಳಿಗಿಂತ ಬೇಗ ಮನೆಗೆ ಒಯ್ದರು. ಅಂಕಲಿಯಲ್ಲಿ ಅದು, ಬೆಂಗಳೂರಿನ ಥೇಟರಿನಲ್ಲಿ ಒಂಟಿ ಮನುಷ್ಯನನ್ನು ಒಳಗೆ ಬಿಡುವುದಿಲ್ಲ ಎಂದಾಯಿತು. ಚಿಕ್ಕೋಡಿಯಲ್ಲಿ ಪೊಲೀಸರು ಹಿಡಿಯುತ್ತಾರೆ ಎಂದಾಯಿತು. ನಿಪ್ಪಾಣಿ ಮುಟ್ಟುವಷ್ಟರಲ್ಲಿ ಸರಕಾರದ ಆದೇಶವೇ ಹೊರಬಿದ್ದಿತ್ತು. ಅಥಣಿಯಲ್ಲಿ ಬೆಂಗಳೂರಿಗೆ ಹೊರಟಿದ್ದ ಒಬ್ಬರು ಎದುರುಮನೆಯ ಮೂವರನ್ನು ಒಪ್ಪಿಸಿ ಜೊತೆಗೆ ಕರೆದುಕೊಂಡು ಹೋದರಂತೆ.

೫. ನಾಕ ಮಂದಿ

ಮುಂದಿನ ವಾರ ಬೆಳಿಗ್ಗೆ ಲಾಡ್ಜಿನ ಬಾಗಿಲು ಬಡಿದ ಸದ್ದು. ತೆಗೆದರೆ ಹೆಂಡತಿ. ಹಿಂದೆ ಕೈಯಲ್ಲಿ ತಂಬಿಗೆ ಹಿಡಿದ ಅಪ್ಪ. ಅವರ ಹಿಂದೆ ರೊಟ್ಟಿಯ ಗಂಟು ಹೊತ್ತ, ಚಿಂಚಲಿಯ ನಮ್ಮ ಸೋದರತ್ತೆ. ರಾಯಬಾಗದಲ್ಲಿ ರೈಲು ಹತ್ತಿ ಬಂದಿದ್ದರು. ನಾನು ಗಾಬರಿಯಾಗಿ ಕೇಳಿದೆ:

"ಏನಾತು? ಯಾರಿಗೇನಾತು?"

"ಯಾರಿಗೂ ಏನೂ ಆಗಿಲ್ರಿ" ಎಂದಳು ಹೆಂಡತಿ. "ನೀವು ಒಬ್ರ, ನಾವು ಮೂರ ಮಂದಿ. ನಾಕ ಆತಲ್ರಿ? ಈಗ ಹೆಂಗ ಪಿಚ್ಚರ್ ಕೊಡೂದಿಲ್ಲ ನೋಡೇ ಬಿಡೋಣ ನಡೀರಿ."

"ಒಂದ ತಲಿ ಕಡಿಮಿ ಬೀಳತಿತ್ತಪಾ" ಎಂದಳು ಅತ್ತೆ. "ಅದಕ ಎಮ್ಮಿ ಬಾಜೂ ಮನಿಯವರಿಗೆ ಒಪ್ಪಿಸಿ ನಾನೂ ಬಂದ್ನಿ."

ನನಗೆ ನಗು ಬಂತು, ಬೆನ್ನಿಗೇ ಅಳುವೂ ಬಂತು. ಮುಖ ತೊಳೆಯುವ ನೆಪ ಮಾಡಿ ನಲ್ಲಿ ಬಿಟ್ಟು ನಿಂತೆ.

ಯಾವುದಾದರೂ ಥೇಟರಿಗೆ ಕರೆದೊಯ್ದರೆ ಮುಗಿಯುತ್ತಿತ್ತು. ಆದರೆ ಅಪ್ಪ, "ನಿನಗ ಇಲ್ಲ ಅಂದ ಜಾಗಾ ಯಾವದೋ ತಮ್ಮಾ? ಅಲ್ಲೇ ಹೋಗೋಣು" ಎಂದು ಪಟ್ಟು ಹಿಡಿದರು. ಕುಡಿದವರ ಪಕ್ಕ ಬಸ್ಸಿನಲ್ಲಿ ಕೂಡ ಕೂರದ ಮನುಷ್ಯ. ನಾನು ದಿನಾ ಕೂರುವ ಜಾಗ ಎಂಥದೆಂದು ತಿಳಿದರೆ ಮತ್ತೆ ನನ್ನ ಕೈಯ ನೀರು ಮುಟ್ಟುತ್ತಾರೋ ಇಲ್ಲವೋ ಎಂದು ಹೆದರಿದೆ. ಮಧ್ಯಾಹ್ನ ಓಡಿಹೋಗಿ ಮೀಸೆಯ ವೇಟರಿಗೆ ಎಲ್ಲ ಹೇಳಿದೆ. ಅವನು ನಗಲಿಲ್ಲ. "ಐದಕ್ಕೆ ಕರ್ಕೊಂಡ್ ಬನ್ನಿ ಸಾರ್. ಖಾಲಿ ಇರುತ್ತೆ" ಎಂದ.

ಐದಕ್ಕೆ ಹೋದೆವು. ಫ್ಯಾನಿನ ಕೆಳಗೆ ಮೇಜು, ನಾಲ್ಕು ಕುರ್ಚಿ. ಕೌಂಟರಿನ ನಲ್ಲಿಗಳ ಮೇಲೆ ಮೇಜುಬಟ್ಟೆ ಹೊದಿಸಿದ್ದ. ಇನ್ನೂ ಬಿಯರ್ ಕಾಣದ, ಅಂಗಡಿಯ ಚೀಟಿಯೂ ಕೀಳದ ಹೊಸ ಹೂಜಿಯ ತುಂಬ ಲಿಂಬು ಶರಬತ್ತು ತಂದಿಟ್ಟು, "ನಾಲ್ಕು ಜನಕ್ಕೆ ಪಿಚರ್!" ಎಂದು ಜೋರಾಗಿ ಸಾರಿದ.

ಹೆಂಡತಿ ಹೂಜಿ ನೋಡಿದಳು, ಬಟ್ಟೆ ಹೊದ್ದ ನಲ್ಲಿ ನೋಡಿದಳು, ನನ್ನ ಮುಖ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು. ಸೆರಗು ಬಾಯಿಗೆ ಒತ್ತಿಕೊಂಡಳು. ಅಪ್ಪ ತಮ್ಮ ತಂಬಿಗೆಗೆ ಶರಬತ್ತು ಹಾಕಿಸಿಕೊಂಡು ಕುಡಿದರು. ಕುರ್ಚಿಯನ್ನು ಎದುರಿನ ಬಿಳಿ ಗೋಡೆಯ ಕಡೆ ತಿರುಗಿಸಿ, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು, ಹಿಂದಿನವರಿಗೆ ಅಡ್ಡ ಆಗಬಾರದೆಂದು.

"ಕತ್ತಲಿ ಮಾಡ್ಯಾರ" ಎಂದಳು ಅತ್ತೆ. "ಇನ್ನೇನ ಚಾಲೂ ಆಗತೈತಿ."

ಚಾಲೂ ಆದದ್ದು ನನ್ನ ಬಾಯಿ. ಅಷ್ಟು ತಿಂಗಳ ಮಾತು ಒಳಗೇ ಕೊಳೆಯುತ್ತಿತ್ತಲ್ಲ, ಎಲ್ಲ ಹೊರಗೆ ಬಂತು. ಅತ್ತೆ ಎಮ್ಮೆಯ ಸುದ್ದಿ ಹೇಳಿದಳು, ಅಪ್ಪ ಗೋಡೆಯಿಂದ ಕಣ್ಣು ಕೀಳದೆ ಹೂಂಗುಟ್ಟಿದರು. ನಡುವೆ ಯಾರೋ ಬಂದು ಕುರ್ಚಿಗೆ ಕೈಹಾಕಿ, "ಇಲ್ಲಿ ಯಾರಾದ್ರೂ ಬರ್ತಾರಾ?" ಎಂದರು. "ಬಂದಾರ್ರಿ" ಎಂದೆ. ಇಡೀ ಪಬ್ಬಿಗೆ ಕೇಳುವ ಹಾಗೆ ಹೇಳಿದೆ. ಹೊತ್ತು ಮುಳುಗುವ ಮುಂಚೆ ಹೂಜಿ ಖಾಲಿಯಾಯಿತು, ಎದ್ದು ಬಂದೆವು.

ಮರುದಿನವೇ ಹೊರಟು ನಿಂತರು. ಹೊಲಕ್ಕೆ ನೀರು ಬಿಡಬೇಕಿತ್ತು, ಎಮ್ಮೆ ಬೇರೆಯವರ ಕೈಗೆ ಹಾಲು ಕೊಡುತ್ತಿರಲಿಲ್ಲ. ಸ್ಟೇಷನ್ನಿನಲ್ಲಿ ಕಿಟಕಿಯ ಸರಳು ಹಿಡಿದು ನಿಂತೆ. ರೈಲು ಅಲುಗಿತು. ಹೆಂಡತಿ ಕಣ್ಣು ಒರೆಸಿಕೊಂಡಳು. ಅಪ್ಪ ತಂಬಿಗೆ ಸಹಿತ ಕೈ ಹೊರಗೆ ಹಾಕಿ ಕೂಗಿದರು:

"ತಮ್ಮಾ, ಪಿಚ್ಚರ್ ಚಲೋ ಇತ್ತೋ! ಆದರ ಬರೇ ಇಂಟರ್ವಲ್ ತೋರಿಸಿ ಕಳಸಿದರಲ್ಲೋ!"