ಮಿಲ್ಲಿನ ಬಾರಿನಲ್ಲಿ ಬರಿಗಾಲು

ಕ್ಷಮೆ ಕೇಳುವುದರಲ್ಲಿ ನಾನು ಮಹಾ ಸೋಮಾರಿ. ಬಸ್ಸಿನಲ್ಲಿ ಯಾರದಾದರೂ ಕಾಲು ತುಳಿದರೆ ತಕ್ಷಣ ಕೇಳಿಬಿಡುತ್ತೇನೆ. ದೊಡ್ಡ ತಪ್ಪಾದರೆ ಮಾತ್ರ ಒಳ್ಳೆಯ ಜಾಗ, ಒಳ್ಳೆಯ ಹೊತ್ತು ಎಂದು ಹುಡುಕುತ್ತಾ ಕೂರುತ್ತೇನೆ. ದ್ಯಾವಪ್ಪನ ವಿಷಯದಲ್ಲಿ ಹೀಗೆ ಆರು ವರ್ಷ ಹುಡುಕಿದ್ದೆ. ನರಸಿಂಹರಾಜಪುರದ ಅಕ್ಕಿ ಮಿಲ್ಲಿನಲ್ಲಿ ನಾನು ಲೆಕ್ಕ ಬರೆಯುವ ರೈಟರು, ಅವನು ಭತ್ತದ ಹೊಟ್ಟು ಬಿಡಿಸುವ ಹಲ್ಲರ್ ಮೆಷಿನ್ ನಡೆಸುವವನು. ಮಿಲ್ಲು ಮುಚ್ಚುವ ಸಂಗತಿಯನ್ನು ಧಣಿಗಳು ತಿಂಗಳ ಮೊದಲೇ ನನಗೆ ಹೇಳಿ, ಬಾಯಿ ಬಿಡಬೇಡ ಎಂದಿದ್ದರು. ನಾನು ಬಿಡಲಿಲ್ಲ. ಅದೇ ತಿಂಗಳು ಕೊಪ್ಪದ ಮಿಲ್ಲಿನವರು ಕೆಲಸಕ್ಕೆ ಕರೆದರೂ ದ್ಯಾವಪ್ಪ "ಇಲ್ಲೇ ಇದೆಯಲ್ಲ" ಎಂದು ಹೋಗಲಿಲ್ಲ. ಒಂದು ಬೆಳಿಗ್ಗೆ ಎಣ್ಣೆ ಕ್ಯಾನು ಹಿಡಿದು ಬಂದವನಿಗೆ ಬಾಗಿಲಲ್ಲಿ ಬೀಗ ಕಂಡಿತು. ಆಮೇಲೆ ಅವನು ಕೂಲಿಗೆ ಹೋದ. ನಾನೋ, ಪೇಟೆಯಲ್ಲಿ ಅವನನ್ನು ಕಂಡರೆ ಪಕ್ಕದ ಅಂಗಡಿಗೆ ನುಗ್ಗಿ ಬೇಡದ ಸಾಮಾನು ಕೊಳ್ಳುತ್ತಾ ಬಂದೆ.

ಅಷ್ಟರಲ್ಲಿ ಧಣಿಗಳ ಅಳಿಯ ಮಿಲ್ಲನ್ನು ಬಾರು ಮಾಡಿದ. ಅಂತಿಂಥ ಬಾರಲ್ಲ, ಹಿನ್ನೀರು ನೋಡಲು ಬರುವ ಪ್ರವಾಸಿಗರಿಗಾಗಿ ಮದ್ಯಕ್ಕೆ ಮುರುಗಲು ಹುಳಿ, ಕಾಳುಮೆಣಸು, ಜೇನು ಬೆರೆಸಿ, ಕುಲುಕಿ ಕೊಡುವ ಕಾಕ್‌ಟೇಲ್ ಬಾರು. ಹಲ್ಲರಿಗೆ ಬಣ್ಣ ಹೊಡೆದು ನಡುವೆ ನಿಲ್ಲಿಸಿದ್ದರು. ಮೊಬೈಲಿಗೆ ಕ್ಯಾಮೆರಾ ಬಂದ ಹೊಸತು, ಬಂದವರೆಲ್ಲ ಅದರ ಫೋಟೊ ಹೊಡೆಯುತ್ತಿದ್ದರು. ಎರಡು ಗುಟುಕು ಒಳಗೆ ಹೋದರೆ ಕ್ಷಮೆ ತಾನಾಗಿ ಹೊರಗೆ ಬಂದೀತೆಂದು ಒಂದು ಮಧ್ಯಾಹ್ನ ದ್ಯಾವಪ್ಪನನ್ನು ಕರೆದೆ. "ಮೆಷಿನ್ ನೋಡ್ಲಿಕ್ಕೆ ಬರ್ತೀನಿ ರೈಟ್ರೇ" ಎಂದು ಬಂದ.

ಬಾಗಿಲಲ್ಲಿ ಇಬ್ಬರೂ ಚಪ್ಪಲಿ ಬಿಟ್ಟೆವು. ಭತ್ತ, ಅಕ್ಕಿ ಬೀಳುವ ನೆಲವನ್ನು ಮೆಟ್ಟಿನಲ್ಲಿ ತುಳಿಯದ ಅಭ್ಯಾಸ ಕಾಲಿಗೇ ಇತ್ತು. "ಹಾಕ್ಕೊಂಡೇ ಬನ್ನಿ ಸಾರ್" ಎಂದು ಟೈ ಕಟ್ಟಿದ ವೇಟರ್ ಅಂಗಲಾಚಿದ. ಕದ್ದು ಕುಡಿಯಲು ಬಂದವನು, ಇಡೀ ಪೇಟೆಗೆ ಗುರುತಿರುವ ಚಪ್ಪಲಿಯನ್ನು ರಸ್ತೆಗೆ ಕಾಣುವಂತೆ ಬಿಟ್ಟಿದ್ದೇನೆಂದು ನನಗೆ ಹೊಳೆದದ್ದು ಕೂತ ಮೇಲೆ. ನಮ್ಮ ಹಿಂದೆ ಬಂದ ಪ್ರವಾಸಿಗರೂ ಇದೇ ಪದ್ಧತಿ ಇರಬೇಕೆಂದು ಬೂಟು ಬಿಚ್ಚಿದರು.

ದ್ಯಾವಪ್ಪ ಒಂದು ಗುಟುಕು ಕುಡಿದು, "ಪಿತ್ತಕ್ಕೆ ನಮ್ಮಮ್ಮ ಕೊಡ್ತಿದ್ದ ಕಷಾಯ ಇದು ಮಾರಾಯ್ರೇ" ಎಂದು ಗಂಭೀರವಾಗಿ ಲೋಟ ಇಟ್ಟ. ಧೈರ್ಯಕ್ಕೆಂದು ಅವನದನ್ನೂ ನಾನೇ ಕುಡಿದೆ. ಅವನು ಎದ್ದುಹೋಗಿ ಹಲ್ಲರಿನ ಚಕ್ರದ ಮೇಲೆ ಕೈಯಾಡಿಸಿದ. ನಾನೂ ಎದ್ದು ಅವನ ಪಕ್ಕ ನಿಂತೆ.

"ರೈಟ್ರೇ, ನಿಮಗೆ ಮೊದ್ಲೇ ಗೊತ್ತಿತ್ತು ಅಂತಾರೆ ಜನ. ಗೊತ್ತಿದ್ರೆ ನಮ್ ರೈಟ್ರು ನಂಗೆ ಹೇಳ್ದೆ ಇರ್ತಿದ್ರಾ ಅಂತ ಆರು ವರ್ಷದಿಂದ ಎಲ್ಲರ ಹತ್ರ ಜಗಳ ಆಡ್ತಾ ಬಂದಿದೀನಿ. ಬರಿಗಾಲಲ್ಲಿ ನಿಂತಿದೀರಿ, ಒಂದು ಮಾತು ಹೇಳಿ."

ಮಿಲ್ಲಿನಲ್ಲಿ ತೂಕದ ತಕರಾರು ಬಂದರೆ ಹಾಗೆಯೇ ಕೇಳುತ್ತಿದ್ದೆವು. ಬರಿಗಾಲಲ್ಲಿ ಆ ನೆಲದ ಮೇಲೆ ನಿಂತು ಹೇಳಿದ್ದೇ ಕೊನೆಯ ಮಾತು, ಆಮೇಲೆ ಯಾರೂ ಪ್ರಶ್ನಿಸುತ್ತಿರಲಿಲ್ಲ. ನಾನು ಇಷ್ಟು ದಿನ ಹುಡುಕಿದ ಜಾಗವೂ ಹೊತ್ತೂ ಎದುರಿಗೇ ಇದ್ದವು.

"ಗೊತ್ತಿರ್ಲಿಲ್ಲ ಮಾರಾಯ" ಎಂದೆ.

ಅವನು ಕಣ್ಣೊರೆಸಿಕೊಂಡ. ಈಗ ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. "ಇಂಥ ಸ್ನೇಹಿತ ಸಿಕ್ಕಿದ್ದು ನಿಮ್ ಪುಣ್ಯ" ಎನ್ನುತ್ತಾಳೆ ನನ್ನ ಹೆಂಡತಿ. ಕೇಳಬೇಕಾದ ಕ್ಷಮೆ ಒಂದಿದ್ದದ್ದು ಎರಡಾಗಿದೆ. ಅವನು ಬಂದಾಗಲೆಲ್ಲ ಇವತ್ತು ಹೇಳಿಯೇ ಬಿಡೋಣವೆಂದು ಬಾಯಿ ತೆರೆಯುತ್ತೇನೆ. ತೆರೆದು, ಕಾಫಿಗೆ ಹೇಳುತ್ತೇನೆ.